ಸಂಕ್ರಾಂತಿ ಪೊಂಗಲ್‌ಗೆ ಹೊಸ ಮಡಕೆ: ಬಿರುಕು ಬಿಡದಂತೆ ಪಳಗಿಸುವುದು ಹೇಗೆ?

ಸಂಕ್ರಾಂತಿ ದಿನ ಬೆಳಿಗ್ಗೆ ಏಳೂವರೆ. ನಾದಿನಿಯ ಮನೆಯಲ್ಲಿ ಎಲ್ಲರೂ ಒಲೆ ಸುತ್ತ ನಿಂತಿದ್ದೆವು. ಹಿಂದಿನ ಸಂಜೆ ತಂದ ಹೊಸ ಮಡಕೆ. ಕೊರಳಿಗೆ ಹಸಿ ಅರಿಶಿನದ ಗಿಡ ಕಟ್ಟಿ, ಮೈಗೆ ಕುಂಕುಮ ಇಟ್ಟಿದ್ದರು. ಹಾಲು ಇನ್ನೇನು ಉಕ್ಕಬೇಕು, ಟಪ್ ಅಂತ ಒಂದು ಸದ್ದು. ತಳದಲ್ಲಿ ಕೂದಲೆಳೆಯಷ್ಟು ಗೆರೆ. ನೋಡುನೋಡುತ್ತಲೇ ಹಾಲೆಲ್ಲ ಒಲೆಯ ಪಾಲಾಯಿತು. ಅತ್ತೆ ಏನೂ ಮಾತಾಡದೆ ಒಳಗೆ ಹೋಗಿ ಕುಕ್ಕರ್ ತಂದರು. ಹಬ್ಬದ ದಿನ ಹೀಗಾಯಿತಲ್ಲ ಅಂತ ಅವರ ಮುಖ ಇಷ್ಟಾಗಿತ್ತು.

ಆಮೇಲೆ ಇನ್ನೂ ಎರಡು ಮನೆಗಳಲ್ಲಿ ಇದೇ ನೋಡಿದೆ. ಎಲ್ಲರೂ ಬೈದದ್ದು ಕುಂಬಾರನನ್ನು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅಂತಾರಲ್ಲ, ಈ ಮನೆಗಳಲ್ಲಿ ದೊಣ್ಣೆಯಾಗಿದ್ದು ಗ್ಯಾಸ್ ಒಲೆಯ ದೊಡ್ಡ ಉರಿ. ಮಡಕೆಯಲ್ಲಿ ತಪ್ಪಿರಲಿಲ್ಲ. ಅದನ್ನು ಯಾರೂ ಪಳಗಿಸಿರಲಿಲ್ಲ, ಅಷ್ಟೇ.

ಹಬ್ಬ ಬರುವುದು ಜನವರಿ 14ಕ್ಕೆ, ಕೆಲವು ವರ್ಷ 15ಕ್ಕೆ. ಮಡಕೆ ಡಿಸೆಂಬರ್ ಕೊನೆಯ ವಾರದಲ್ಲೇ ಮನೆಗೆ ಬಂದಿರಬೇಕು. ಹದಿಮೂರನೇ ತಾರೀಕು ಸಂಜೆ ತರುವುದಾದರೆ ಅದನ್ನು ಪೂಜೆಗೆ ಇಡಿ, ಪೊಂಗಲ್ ಸ್ಟೀಲ್ ಪಾತ್ರೆಯಲ್ಲೇ ಮಾಡಿ.

ಮಡಕೆ ಆರಿಸುವುದು

ನೀರಿನ ಮಡಕೆ ಬೇರೆ, ಅಡುಗೆ ಮಡಕೆ ಬೇರೆ. ಅಂಗಡಿಯಲ್ಲಿ 'ಒಲೆ ಮೇಲೆ ಇಡೋದು ಕೊಡಿ' ಅಂತ ಬಾಯಿ ಬಿಟ್ಟು ಕೇಳಿ. ಬೆಂಗಳೂರಿನಲ್ಲಿರುವವರು ಪಾಟರಿ ಟೌನ್ ಕಡೆ ಒಂದು ಸುತ್ತು ಹಾಕಬಹುದು. ಬೆಳಗಾವಿ ಕಡೆಯವರಿಗೆ ಖಾನಾಪುರ ಇದೆ, ಅಲ್ಲಿನ ಮಣ್ಣಿನ ಕೆಲಸಕ್ಕೆ ಮೊದಲಿನಿಂದಲೂ ಹೆಸರು. ಆರು ಜನರ ಮನೆಗೆ ಮೂರು ಲೀಟರ್ ಹಿಡಿಯುವ ಮಡಕೆ ಸಾಕು. ಕೊರಳು ಸ್ವಲ್ಪ ಕಿರಿದಾಗಿರಲಿ. ಬಾಯಿ ಅಗಲವಾದರೆ ಹಾಲು ಕುದಿಯುತ್ತದೆ, ಆದರೆ ಬೇಗ ಉಕ್ಕುವುದಿಲ್ಲ.

ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಠಣ್ ಅಂದರೆ ಚೆನ್ನಾಗಿ ಬೆಂದಿದೆ. ಡಬ್ ಅಂತ ಮಂದ ಸದ್ದು ಬಂದರೆ ಎಲ್ಲೋ ಬಿರುಕಿದೆ, ಇಲ್ಲ ಸರಿಯಾಗಿ ಬೆಂದಿಲ್ಲ. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಮಡಕೆಯ ಒಳಗೆ ಒಂದು ಹನಿ ನೀರು ಇಡಿ. ಮಣ್ಣು ಅದನ್ನು ಹೀರಿಕೊಳ್ಳಬೇಕು. ಹನಿ ಹಾಗೇ ಮುತ್ತಿನಂತೆ ನಿಂತರೆ ವಾರ್ನಿಷ್ ಅಥವಾ ಬಣ್ಣ ಬಳಿದಿದ್ದಾರೆ. ಫಳಫಳ ಹೊಳೆಯುವ ಕೆಂಪು ಮಡಕೆಗಳು ಈಗ ಎಲ್ಲ ಕಡೆ ಸಿಗುತ್ತವೆ. ಅವು ಶೋಕೇಸಿಗೆ, ಒಲೆಗಲ್ಲ. ಆ ಬಣ್ಣ ಬಿಸಿಗೆ ಕರಗಿ ನಿಮ್ಮ ಪಾಯಸ, ಪೊಂಗಲ್‌ಗೆ ಸೇರುವುದು ಬೇಡ. ಕಪ್ಪು ಮಡಕೆ ಕಂಡು ಹೆದರಬೇಡಿ. ಸುಡುವಾಗ ಕೊನೆಯಲ್ಲಿ ಗಾಳಿ ಆಡದಂತೆ ಮುಚ್ಚಿ ಹೊಗೆ ಕೂರಿಸಿದರೆ ಅದೇ ಮಣ್ಣು ಕಪ್ಪಾಗುತ್ತದೆ.

ಪಳಗಿಸುವುದು: ಎಲ್ಲರೂ ಎಡವುವುದು ಇಲ್ಲೇ

ಇದಕ್ಕೆ ಒಂದು ವಾರ ಬೇಕು. ಯಾಕೆ ಅಂತ ಗೊತ್ತಾದರೆ ಅವಸರ ಮಾಡೋಕೆ ಮನಸ್ಸು ಬರಲ್ಲ. ಮಡಕೆಯ ಮೈಯಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ತೂತುಗಳಿವೆ. ಅವುಗಳಲ್ಲಿ ಕೂತ ನೀರು ಒಮ್ಮೆಲೇ ಬಿಸಿಯಾದರೆ ಆವಿಯಾಗಿ ಹಿಗ್ಗುತ್ತದೆ. ಜೊತೆಗೆ ಉರಿ ತಾಗುವ ತಳ ಮೊದಲು ಕಾದು ಹಿಗ್ಗುತ್ತದೆ, ಕೊರಳು ಇನ್ನೂ ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಮಣ್ಣು ಸೀಳುತ್ತದೆ. ನಾವು ಮಾಡಬೇಕಾದ್ದು ಎರಡೇ. ಆ ತೂತುಗಳನ್ನು ಗಂಜಿಯಿಂದ ತುಂಬಬೇಕು. ಮಡಕೆಗೆ ಬಿಸಿಯನ್ನು ನಿಧಾನವಾಗಿ ರೂಢಿ ಮಾಡಿಸಬೇಕು.

ಮೊದಲ ದಿನ ತೆಂಗಿನ ನಾರಿನಿಂದ ಒಳಗೂ ಹೊರಗೂ ಉಜ್ಜಿ, ಬರೀ ನೀರಿನಲ್ಲಿ ತೊಳೆಯಿರಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಹತ್ತಿರವೂ ತರಬೇಡಿ. ಮಣ್ಣು ಅದನ್ನು ಕುಡಿದುಬಿಡುತ್ತದೆ, ಆಮೇಲೆ ಎಷ್ಟು ತೊಳೆದರೂ ವಾಸನೆ ಹೋಗಲ್ಲ. ತೊಳೆದ ಮಡಕೆಯನ್ನು ದೊಡ್ಡ ಬಕೆಟ್ಟಿನಲ್ಲಿ ಪೂರ್ತಿ ಮುಳುಗಿಸಿ.

ಮುಳುಗಿಸಿದ ಕೂಡಲೇ ಕಿವಿ ಹತ್ತಿರ ತಂದು ಕೇಳಿ. ಸುಯ್ ಅಂತ ಸಣ್ಣ ಸದ್ದು ಬರುತ್ತದೆ. ಮೈಯೆಲ್ಲ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದು, ದಾರ ಪೋಣಿಸಿದ ಹಾಗೆ ಒಂದರ ಹಿಂದೊಂದು ಮೇಲೆ ಬರುತ್ತವೆ. ತೂತುಗಳಲ್ಲಿದ್ದ ಗಾಳಿ ಹೊರಗೆ ಹೋಗಿ ನೀರು ಒಳಗೆ ಕೂರುತ್ತಿದೆ ಅಂತ ಅರ್ಥ. ನಮ್ಮ ಮನೆಯಲ್ಲಿ ಮಕ್ಕಳು ಇದನ್ನು ನೋಡೋಕೇ ಬಕೆಟ್ ಸುತ್ತ ಕುಕ್ಕರಗಾಲಲ್ಲಿ ಕೂರುತ್ತಾರೆ. ಪೂರ್ತಿ ಒಂದು ದಿನ ನೆನೆಯಲಿ. ಮಧ್ಯೆ ಒಮ್ಮೆ ನೀರು ಬದಲಿಸಿ.

ಆಮೇಲೆ ಎರಡು ದಿನ ನೆರಳಿನಲ್ಲಿ ಒಣಗಿಸಿ. ಬೋರಲು ಹಾಕಿ, ಆದರೆ ಒಂದು ಕಡೆ ಬಾಯಿಯ ಕೆಳಗೆ ಕಡ್ಡಿ ಕೊಟ್ಟು ಎತ್ತರಿಸಿ. ಒಳಗೆ ಗಾಳಿ ಆಡಬೇಕು. ಒಣಗಿದ ಮೇಲೆ ಒಳಗೂ ಹೊರಗೂ ಎಣ್ಣೆ ಸವರಿ ಒಂದು ದಿನ ಎಳೆ ಬಿಸಿಲಿಗೆ ಇಡಿ. ನಾನು ಎಳ್ಳೆಣ್ಣೆಯನ್ನೇ ಹಾಕುವುದು, ನೀವೂ ಅದನ್ನೇ ಹಾಕಿ. ರಿಫೈಂಡ್ ಎಣ್ಣೆ ಹಾಕಿದ ಮಡಕೆಯೊಂದು ಬಿಸಿಲಿನಲ್ಲಿ ಅಂಟಂಟಾಗಿ, ಮೈಯೆಲ್ಲ ಧೂಳು ಹಿಡಿದದ್ದನ್ನು ನೋಡಿದ್ದೇನೆ.

ಈಗ ಗಂಜಿ. ಅಕ್ಕಿ ತೊಳೆದ ನೀರಿಗೆ ಎರಡು ಚಮಚ ಅಕ್ಕಿ ಹಿಟ್ಟು ಕದಡಿ, ಮಡಕೆಯ ಮುಕ್ಕಾಲು ಭಾಗ ತುಂಬಿ. ಒಲೆಯ ಮೇಲೆ ಹಳೇ ಕಬ್ಬಿಣದ ದೋಸೆ ಹೆಂಚು ಇಟ್ಟು ಅದರ ಮೇಲೆ ಮಡಕೆ ಇಡಿ. ಸಿಮ್‌ನಲ್ಲೇ ಹಚ್ಚಿ. ಕಾಲು ಗಂಟೆ ಕಳೆದು ಮಡಕೆಯ ಹೊಟ್ಟೆ ಮುಟ್ಟಿ ನೋಡಿ. ಸ್ನಾನದ ನೀರಿನಷ್ಟು ಬೆಚ್ಚಗಾಗಿದ್ದರೆ ಒಲೆ ಆರಿಸಿ, ಹೆಂಚು ತೆಗೆದು, ಮಡಕೆಯನ್ನು ನೇರ ಒಲೆಗೆ ಇಟ್ಟು ಮತ್ತೆ ಸಿಮ್‌ನಲ್ಲೇ ಹಚ್ಚಿ. ಉರಿ ಹೆಚ್ಚಿಸಬೇಡಿ. ಕುದಿ ಬರೋಕೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ, ಹಿಡಿಯಲಿ. ಕುದಿ ಬಂದ ಮೇಲೆ ಇಪ್ಪತ್ತು ನಿಮಿಷ ಸಣ್ಣಗೆ ಕುದಿಯಲಿ. ಮರದ ಸೌಟಿನಿಂದ ಆಗಾಗ ತಿರುವಿ, ಇಲ್ಲದಿದ್ದರೆ ತಳದಲ್ಲಿ ಹಿಟ್ಟು ಹಿಡಿಯುತ್ತದೆ.

ಮೊದಲ ದಿನ ಗಂಜಿ ಕೆಂಪಗಾಗುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಹೊರಮೈ ಬೆವರುತ್ತದೆ. ಗಾಬರಿ ಬೇಡ. ಬೆವರುವುದಕ್ಕೂ ಸೋರುವುದಕ್ಕೂ ವ್ಯತ್ಯಾಸ ಇದೆ. ಮೈಯೆಲ್ಲ ಒದ್ದೆಯಾದರೆ ಅದು ಬೆವರು. ಒಂದೇ ಜಾಗದಿಂದ ಹನಿ ಹನಿ ಬಿದ್ದರೆ ಬಿರುಕು. ಆ ಮಡಕೆಯನ್ನು ಒಲೆಗೆ ಇಡಬೇಡಿ.

ಒಲೆ ಆರಿಸಿದ ಮೇಲೆ ಮಡಕೆಯನ್ನು ಮುಟ್ಟಲೇಬೇಡಿ. ಗಂಜಿ ಸಮೇತ ಬೆಳಗಿನವರೆಗೆ ಒಲೆಯ ಮೇಲೇ ತಣ್ಣಗಾಗಲಿ. ಬಿಸಿ ಮಡಕೆಯನ್ನು ಗ್ರಾನೈಟ್ ಕಟ್ಟೆ ಮೇಲೆ ಇಟ್ಟು ಒಡೆದುಕೊಂಡವರು ಎಷ್ಟೋ ಜನ. ತಣ್ಣನೆ ಕಲ್ಲು ಮುಟ್ಟಿದ ಕೂಡಲೇ ತಳ ಸೀಳುತ್ತದೆ. ಮುಂದೆ ಅಡುಗೆ ಮಾಡಿ ಇಳಿಸುವಾಗಲೂ ಅಷ್ಟೇ, ಕೆಳಗೆ ಬಟ್ಟೆಯ ಸಿಂಬಿ ಇರಲೇಬೇಕು. ಬಿಸಿ ಮಡಕೆಗೆ ತಣ್ಣೀರು ಸುರಿಯುವುದೂ ಇದೇ ತಪ್ಪು. ನೀರು ಸಾಲದೆ ಬಂದರೆ ಬಿಸಿನೀರನ್ನೇ ಸೇರಿಸಿ.

ಗಂಜಿ ಚೆಲ್ಲಿ, ತೊಳೆದು, ಇದನ್ನೇ ಇನ್ನೂ ಎರಡು ದಿನ ಮಾಡಿ. ಮೂರನೇ ದಿನ ಗಂಜಿ ಬೆಳ್ಳಗೇ ಇರುತ್ತದೆ, ಮಣ್ಣಿನ ವಾಸನೆ ಹೋಗಿರುತ್ತದೆ. ಮಡಕೆ ತಯಾರು. 'ಪಳಗಿಸಿದ ಮಡಕೆ' ಅಂತ ಆನ್‌ಲೈನ್‌ನಲ್ಲಿ ಜಾಸ್ತಿ ಬೆಲೆಗೆ ಸಿಗುತ್ತವೆ. ಕೊಂಡರೂ ಒಂದು ಸುತ್ತು ಗಂಜಿ ಕಾಯಿಸದೆ ಹಬ್ಬಕ್ಕೆ ನಂಬಿಕೊಳ್ಳಬೇಡಿ. ಇನ್ನು ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇದ್ದರೆ ಮಣ್ಣಿನ ಮಡಕೆ ಅದರಲ್ಲಿ ಕಾಯುವುದೇ ಇಲ್ಲ. ಆ ಒಲೆಗೆ ಕಬ್ಬಿಣದಂಥ ತಳ ಬೇಕು.

ಮಡಕೆ ಒಣಗುವ ದಿನಗಳಲ್ಲಿ

ಎಳ್ಳು ಬೆಲ್ಲದ ಕೆಲಸ ಇಟ್ಟುಕೊಳ್ಳಿ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದು, ಅಚ್ಚು ಬೆಲ್ಲವನ್ನು ಕಡಲೆ ಗಾತ್ರಕ್ಕೆ ಕತ್ತರಿಸುವುದು ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ. ನಮ್ಮಲ್ಲಿ ಅತ್ತೆ ಬೆಲ್ಲಕ್ಕೆ, ನಾದಿನಿ ಕೊಬ್ಬರಿಗೆ, ಕಡಲೆಬೀಜ ಹುರಿದು ಸಿಪ್ಪೆ ಊದುವುದು ಮಕ್ಕಳಿಗೆ. ಬೆಲ್ಲ, ಕೊಬ್ಬರಿ ಬಿಸಿಲಲ್ಲಿ ಒಣಗಿದ ಮೇಲೆ ಹುರಿದ ಬಿಳಿ ಎಳ್ಳು, ಹುರಿಗಡಲೆ ಸೇರಿಸಿ. ಬಿಸಿ ಎಳ್ಳಿಗೆ ಬೆಲ್ಲ ಹಾಕಿದರೆ ಎಲ್ಲ ಅಂಟಿ ಮುದ್ದೆಯಾಗುತ್ತದೆ. ಎಳ್ಳು ಬೀರುವುದಕ್ಕೆ ಪ್ಲಾಸ್ಟಿಕ್ ಡಬ್ಬಿ ಬೇಡ, ಸಣ್ಣ ಮಣ್ಣಿನ ಕುಡಿಕೆಗಳನ್ನು ಕೊಳ್ಳಿ. ತೊಳೆದು ಚೆನ್ನಾಗಿ ಬಿಸಿಲಲ್ಲಿ ಒಣಗಿಸಿದರೆ ಸಾಕು, ಇವನ್ನು ಪಳಗಿಸುವ ಗೋಜಿಲ್ಲ.

ಹಬ್ಬದ ಬೆಳಿಗ್ಗೆ

ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಎರಡು ಲೋಟ ಪುಡಿ ಬೆಲ್ಲ, ಎರಡು ಲೋಟ ಹಾಲು, ನಾಲ್ಕು ಲೋಟ ನೀರು. ತುಪ್ಪ, ಗೋಡಂಬಿ, ದ್ರಾಕ್ಷಿ, ಏಲಕ್ಕಿ ನಿಮ್ಮಿಷ್ಟ. ಬೇಳೆಯನ್ನು ಘಮ್ ಅನ್ನುವವರೆಗೆ ಹುರಿದು ಅಕ್ಕಿ ಜೊತೆ ತೊಳೆದಿಡಿ.

ಮಡಕೆಗೆ ಹಾಲು ಪೂರ್ತಿ ಹಾಕಿ, ಕೊರಳಿನವರೆಗೆ ಬರುವಷ್ಟು ನೀರು ಸೇರಿಸಿ. ಉಳಿದ ನೀರನ್ನು ಪಕ್ಕದ ಒಲೆಯಲ್ಲಿ ಬಿಸಿಗೆ ಇಡಿ. ಮಡಕೆಯ ಕೆಳಗೆ ಸಿಮ್‌ನಿಂದ ಶುರು ಮಾಡಿ, ಹತ್ತು ನಿಮಿಷದ ಮೇಲೆ ಮಧ್ಯಮ ಉರಿ. ಹಾಲು ಉಕ್ಕುವಾಗ ಒಬ್ಬರ ಕೈ ಗ್ಯಾಸಿನ ತಿರುಪಿನ ಮೇಲೇ ಇರಲಿ. ಉಕ್ಕಿದ ಹಾಲು ಉರಿಯನ್ನು ನಂದಿಸುತ್ತದೆ, ಗ್ಯಾಸು ಮಾತ್ರ ಬರುತ್ತಲೇ ಇರುತ್ತದೆ. ಎಲ್ಲರೂ ಖುಷಿಯಲ್ಲಿ ಇರುವಾಗ ಇದನ್ನು ಯಾರೂ ಗಮನಿಸಲ್ಲ.

ಉಕ್ಕಿದ ಮೇಲೆ ಅಕ್ಕಿ, ಬೇಳೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಅದು ಹೀರಿಕೊಂಡ ಹಾಗೆ ಬಿಸಿನೀರು ಸೇರಿಸುತ್ತಾ ಹೋಗಿ. ಬೆರಳಲ್ಲಿ ಹಿಸುಕಿದರೆ ಅಗುಳು ಕರಗಬೇಕು. ಅಲ್ಲಿಯವರೆಗೆ ಬೆಲ್ಲ ಹಾಕಬೇಡಿ, ಹಾಕಿದರೆ ಅಕ್ಕಿ ಮುಂದೆ ಬೇಯಲ್ಲ. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ನೀರು ಹಾಕಿ ಕರಗಿಸಿ, ಸೋಸಿ. ಸೋಸಿದ ಮೇಲೆ ತಳದಲ್ಲಿ ಉಳಿಯುವ ಮರಳು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಮಡಕೆಯ ಒಲೆ ಆರಿಸಿ, ಐದು ನಿಮಿಷ ಬಿಟ್ಟು, ಬಿಸಿಯಾಗಿರುವ ಈ ಪಾಕ ಸೇರಿಸಿ. ಕುದಿಯುವ ಹಾಲಿಗೆ ಬೆಲ್ಲ ಬಿದ್ದರೆ ಒಮ್ಮೊಮ್ಮೆ ಒಡೆಯುತ್ತದೆ. ಬೆಲ್ಲ ಕಂದು ಬಣ್ಣದ್ದೇ ಇರಲಿ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಬಣ್ಣ ತಿಳಿಯಾಗಲಿ ಅಂತ ರಾಸಾಯನಿಕ ಹಾಕಿರುವ ಸಾಧ್ಯತೆ ಜಾಸ್ತಿ.

ಮಡಕೆ ಬಿಸಿಯನ್ನು ಬೇಗ ಬಿಡುವುದಿಲ್ಲ. ಒಲೆ ಆರಿದ ಮೇಲೂ ಒಳಗೆ ಪಿಸಪಿಸ ಕುದಿಯುತ್ತಿರುತ್ತದೆ. ಅದಕ್ಕೇ ಪೊಂಗಲ್ ಇನ್ನೂ ಸ್ವಲ್ಪ ತೆಳ್ಳಗಿರುವಾಗಲೇ ತುಪ್ಪದ ಒಗ್ಗರಣೆ ಕೊಟ್ಟು ಮುಚ್ಚಿ. ಅರ್ಧ ಗಂಟೆಯಲ್ಲಿ ಹದಕ್ಕೆ ಬರುತ್ತದೆ.

ತೊಳೆದು ಎತ್ತಿಡುವುದು

ಖಾಲಿ ಮಡಕೆ ತಣ್ಣಗಾದ ಮೇಲೆ ಉಗುರು ಬೆಚ್ಚಗಿನ ನೀರು ತುಂಬಿ ಒಂದು ಗಂಟೆ ಬಿಡಿ. ತೆಂಗಿನ ನಾರು, ಸ್ವಲ್ಪ ಕಡಲೆಹಿಟ್ಟು ಸಾಕು. ಎರಡು ದಿನ ಒಣಗಿಸಿ, ಮುಚ್ಚಳ ಹಾಕದೆ ಗಾಳಿ ಆಡುವ ಕಡೆ ಇಡಿ. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಸಿಹಿ ಮಾಡುವ ಮಡಕೆಯಲ್ಲಿ ಸಾರು, ಹುಳಿ ಮಾಡಬೇಡಿ, ಹುಣಸೆಯ ವಾಸನೆ ಮಣ್ಣಿನಲ್ಲಿ ಕೂತರೆ ಏಳುವುದಿಲ್ಲ. ಮುಂದಿನ ವರ್ಷ ಹಬ್ಬಕ್ಕೆ ವಾರ ಮುಂಚೆ ಕೆಳಗಿಳಿಸಿ, ಒಂದು ರಾತ್ರಿ ನೆನೆಸಿ, ಒಂದೇ ಸಲ ಗಂಜಿ ಕಾಯಿಸಿ. ನಮ್ಮ ಮಡಕೆಗೆ ಈ ಸಲದ್ದು ಐದನೇ ಸಂಕ್ರಾಂತಿ. ಹಾಲು ಉಕ್ಕಿಸೋಕೆ ನಾದಿನಿಯ ಮನೆಯವರೂ ಈಗ ಇಲ್ಲಿಗೇ ಬರುತ್ತಾರೆ. ಗ್ಯಾಸಿನ ತಿರುಪು ಹಿಡಿಯುವ ಕೆಲಸ ಅತ್ತೆಯವರದ್ದು.