ಬ್ಯಾಗಿನಲ್ಲಿ ಎಷ್ಟು ಲೆನ್ಸ್ ಇರಬೇಕು? ಕರಾವಳಿಯಲ್ಲಿ ಫೋಟೊ ತೆಗೆಯುವವರ ಲೆಕ್ಕ

ಹೊರಡುವ ಮುಂಚೆ ‘ಯಾವ್ಯಾವ ಲೆನ್ಸ್ ಬೇಕಾಗಬಹುದು’ ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ ಒಂದೇ, ಎಲ್ಲವೂ ಬೇಕಾಗಬಹುದು. ಮಲ್ಪೆಯ ಸೂರ್ಯಾಸ್ತಕ್ಕೆ ವೈಡ್ (ಅಗಲ ನೋಟದ ಲೆನ್ಸ್) ಬೇಕು, ದೂರದ ಬೋಟಿಗೆ ಟೆಲಿ (ದೂರದ್ದನ್ನು ಹತ್ತಿರ ತೋರಿಸುವ ಉದ್ದ ಲೆನ್ಸ್) ಬೇಕು, ಬಲೆ ಸರಿಮಾಡುತ್ತಾ ಕುಳಿತವರ ಮುಖಕ್ಕೆ 50 ಎಂಎಂ ಬೇಕು (ಎಂಎಂ ಜಾಸ್ತಿಯಾದಷ್ಟು ದೂರದ್ದು ಹತ್ತಿರ ಕಾಣುತ್ತದೆ), ಮರಳಿನಲ್ಲಿ ಓಡುವ ಸಣ್ಣ ಏಡಿಗೆ ಮ್ಯಾಕ್ರೋ ಬೇಕು. ಹೀಗೆ ಯೋಚಿಸಿದರೆ ಬ್ಯಾಗ್ ತುಂಬದೆ ಇರುತ್ತದಾ? ಅದಕ್ಕೇ ಬೇರೆ ಪ್ರಶ್ನೆ ಕೇಳಿಕೊಳ್ಳಿ. ನಾನು ಹೋಗುವ ಜಾಗದಲ್ಲಿ ನಿಂತು ಎಷ್ಟು ಸಲ ಲೆನ್ಸ್ ಬದಲಾಯಿಸಲು ಆಗುತ್ತದೆ? ಮಂಗಳೂರು, ಉಡುಪಿ ಕಡೆ ಇದೇ ಮುಖ್ಯ ಲೆಕ್ಕ. ಒಮ್ಮೆಯೂ ಆಗುವುದಿಲ್ಲ ಎಂದಾದರೆ ಒಂದೇ ಲೆನ್ಸ್. ಒಂದೆರಡು ಸಲ ಆಗಬಹುದು ಎಂದಾದರೆ ಎರಡು. ಮೂರನೆಯದು ಕಾರಿನಲ್ಲಿ ಹೋಗುವವರಿಗೆ ಮಾತ್ರ, ಅದೂ ಕಾರಿನಲ್ಲೇ ಇರಲಿ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ನಮ್ಮಲ್ಲಿ ಕ್ಯಾಮೆರಾದಿಂದ ಲೆನ್ಸ್ ಬಿಚ್ಚುವುದು ಸಣ್ಣ ವಿಷಯ ಅಲ್ಲ. ಕಡಲ ಬದಿಯ ಗಾಳಿಯಲ್ಲಿ ಉಪ್ಪುನೀರಿನ ಸಣ್ಣ ಸಣ್ಣ ಹನಿ ಇರುತ್ತದೆ, ಒಣಮರಳು ಹಾರುತ್ತದೆ, ಕೈಯಲ್ಲಿ ಬೆವರು. ಡಿಎಸ್‌ಎಲ್‌ಆರ್‌ನಲ್ಲಾದರೆ ಲೆನ್ಸ್ ತೆಗೆದಾಗ ಸೆನ್ಸರ್‌ನ (ಬೆಳಕು ಹಿಡಿದು ಚಿತ್ರ ಮಾಡುವ ಭಾಗ) ಮುಂದೆ ಕನ್ನಡಿ ಮತ್ತು ಮುಚ್ಚಿದ ಶಟರ್ (ಬೆಳಕು ತಡೆಯುವ ಪರದೆ) ಇರುತ್ತವೆ. ಮಿರರ್‌ಲೆಸ್‌ನಲ್ಲಿ ಕನ್ನಡಿ ಇಲ್ಲ. ಸ್ವಿಚ್ ಆಫ್ ಮಾಡಿದಾಗ ಶಟರ್ ಮುಚ್ಚಿಕೊಳ್ಳುವ ಮಾಡೆಲ್ ಕೆಲವು ಉಂಟು, ಅದು ಬಿಟ್ಟರೆ ಉಳಿದವುಗಳಲ್ಲಿ ಸೆನ್ಸರ್ ನೇರ ಗಾಳಿಗೆ ತೆರೆದುಕೊಳ್ಳುತ್ತದೆ. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಈ ಶಟರ್ ಮುಚ್ಚುವ ಆಯ್ಕೆ ಇದೆಯಾ ನೋಡಿ, ಇದ್ದರೆ ಇವತ್ತೇ ಆನ್ ಮಾಡಿಡಿ.

ಜಾಗ ಹೇಗೆ ಅಂತ ಅಳೆಯಲು ಒಂದು ಸುಲಭ ದಾರಿ ಉಂಟು. ಅಲ್ಲಿ ಬ್ಯಾಗ್ ಕೆಳಗಿಡಲು ಜಾಗ ಇದೆಯಾ? ಮಂಗಳೂರಿನ ದಕ್ಕೆಗೆ, ಅಂದರೆ ಮೀನುಗಾರಿಕಾ ಬಂದರಿಗೆ, ಬೆಳಿಗ್ಗೆ ಹೋಗಿ ನೋಡಿ. ನೆಲವೆಲ್ಲ ಮೀನಿನ ನೀರು, ಐಸಿನ ಚೂರು, ಬಂಗುಡೆ ಬುಟ್ಟಿ ಹೊತ್ತವರು ಹಿಂದಿನಿಂದ ಬರುತ್ತಾ ಇರುತ್ತಾರೆ, ದಾರಿ ಬಿಡದಿದ್ದರೆ ಬೈಗುಳ ಗ್ಯಾರಂಟಿ. ಬ್ಯಾಗ್ ಇಡುವುದು ಹೋಗಲಿ, ನಿಲ್ಲುವುದೇ ಕಷ್ಟ. ಅಂಥ ಕಡೆ 35 ಎಂಎಂ ಒಂದೇ ಸಾಕು (ಕ್ರಾಪ್, ಅಂದರೆ ಸಣ್ಣ ಸೆನ್ಸರ್‌ನ ಕ್ಯಾಮೆರಾ ಆದರೆ 24 ಎಂಎಂ ಹತ್ತಿರದ್ದು). ಕುತ್ತಿಗೆಗೆ ಕ್ಯಾಮೆರಾ, ಜೇಬಿಗೆ ಇನ್ನೊಂದು ಬ್ಯಾಟರಿ, ಮುಗಿಯಿತು. ಬ್ಯಾಗೇ ಬೇಡ. ಜನರ ಜೊತೆ ನಾಲ್ಕು ಮಾತಾಡಿ ಹತ್ತಿರ ಹೋಗಿ ತೆಗೆಯುವ ಜಾಗ ಅದು, ದೂರದಿಂದ ಟೆಲಿ ಹಾಕಿ ಕದ್ದು ತೆಗೆಯುವುದು ನನಗಂತೂ ಸರಿ ಕಾಣುವುದಿಲ್ಲ.

ಹುಲಿವೇಷಕ್ಕೂ ಒಂದೇ ಲೆನ್ಸ್, ಆದರೆ ಕಾರಣ ಬೇರೆ. ಉಡುಪಿಯ ಅಷ್ಟಮಿಯಾಗಲಿ ಮಂಗಳೂರಿನ ದಸರಾ ಆಗಲಿ, ತಾಸೆ ವಾದ್ಯದ ಪೆಟ್ಟು ಶುರುವಾದ ಕೂಡಲೇ ಜನ ಸುತ್ತ ಮುತ್ತಿಕೊಳ್ಳುತ್ತಾರೆ. ಹುಲಿ ಬಗ್ಗಿ ಅಕ್ಕಿಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತಿ ತಲೆಯ ಹಿಂದಕ್ಕೆ ಎಸೆಯುತ್ತದಲ್ಲ, ಅದು ಎರಡು ಮೂರು ಸೆಕೆಂಡಿನ ಆಟ. ಅಷ್ಟರಲ್ಲಿ ಕುತ್ತಿಗೆಯ ನರ ಉಬ್ಬಿದ್ದೂ ಬೇಕು, ಮುಡಿ ಗಾಳಿಯಲ್ಲಿ ಇರುವುದೂ ಬೇಕು. ನೀವು ಪ್ರೈಮ್ (ಜೂಮ್ ಆಗದ ಲೆನ್ಸ್) ಹಾಕಿಕೊಂಡು ನಿಂತಿದ್ದರೆ ಎರಡರಲ್ಲಿ ಒಂದು ಹೋಯಿತು. 24-70 ಅಥವಾ 24-105 ಥರದ ಜೂಮ್ ಹಾಕಿ, ಮುಡಿ ಕಚ್ಚುವಾಗ 70ರಲ್ಲಿ ಇರಿ, ಎತ್ತುವ ಹೊತ್ತಿಗೆ 24ಕ್ಕೆ ಎಳೆದುಕೊಳ್ಳಿ. ಕ್ರಾಪ್ ಕ್ಯಾಮೆರಾದವರಿಗೆ ಜೊತೆಗೆ ಬಂದ 18-55 ಇದಕ್ಕೆ ಧಾರಾಳ ಸಾಕು. ಹಗಲು ಬೆಳಕಿನಲ್ಲಿ ಶಟರ್ ವೇಗವನ್ನು 1/500 ಸೆಕೆಂಡಿಗಿಂತ ಕಡಿಮೆ ಇಳಿಸಬೇಡಿ. ಇನ್ನೊಂದು, ವೇಷದ ಬಣ್ಣ ಹಸಿ ಇರುವಾಗ ನಿಮಗೆ ತಾಗಿದರೆ ಹೋಗುವುದಿಲ್ಲ, ಅದು ಪೈಂಟ್ ಮಾರಾಯ್ರೆ.

ಕಂಬಳದ ವಿಷಯ ಸ್ವಲ್ಪ ಉದ್ದ ಉಂಟು, ಯಾಕೆಂದರೆ ಅಲ್ಲಿ ಎಲ್ಲರೂ ಒಂದೇ ಥರ ಯೋಚಿಸುತ್ತಾರೆ. ಸಿಕ್ಕಿದ್ದರಲ್ಲಿ ಅತಿ ಉದ್ದದ ಲೆನ್ಸ್ ಹಾಕುವುದು, ಕೋಣದ ಮುಖ ತುಂಬಿಸುವುದು. ಬರೀ ವೇಗದ ಓಟವಾದ ಹಗ್ಗ ಮತ್ತು ನೇಗಿಲು ವಿಭಾಗಕ್ಕೆ ಅದು ಸರಿಯೇ. ಓಟ ಮುಗಿಯುವ ಮಂಜೊಟ್ಟಿಯ ಕಡೆ, ಪಕ್ಕಕ್ಕೆ ಸರಿದು ನಿಂತರೆ (ನೇರ ಎದುರು ಬೇಡ, ಕೋಣ ಗೆರೆ ನೋಡಿ ನಿಲ್ಲುವುದಿಲ್ಲ) ಜೋಡಿ ನಿಮ್ಮ ಕಡೆಗೇ ಬರುತ್ತದೆ. 70-200 ಅಥವಾ 70-300, ಶಟರ್ 1/1000 ಅಥವಾ ಅದಕ್ಕಿಂತ ಜಾಸ್ತಿ, ಕೆಸರು ನೀರು ಗಾಳಿಯಲ್ಲೇ ನಿಂತ ಹಾಗೆ ಸಿಗುತ್ತದೆ. ಆದರೆ ಕನೆಹಲಗೆ ವಿಭಾಗ ಬಂತು ಎನ್ನಿ. ಅಲ್ಲಿ ಓಟಗಾರ ತೂತು ಇರುವ ಹಲಗೆಯ ಮೇಲೆ ಕಾಲಿಟ್ಟು ನಿಂತಿರುತ್ತಾನೆ, ಆ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ, ಕರೆಯ (ಓಟದ ಕೆಸರುಗದ್ದೆ) ಮೇಲೆ ಆರೂವರೆ ಕೋಲು, ಏಳೂವರೆ ಕೋಲು (ಕೋಲು ಎಂಬುದು ಅಳತೆ) ಎತ್ತರದಲ್ಲಿ ಕಟ್ಟಿದ ನಿಶಾನೆ ಬಟ್ಟೆಗೆ ನೀರು ತಾಗುತ್ತದಾ ಇಲ್ಲವಾ ಎಂಬುದೇ ಪಂದ್ಯ. ಕೋಣದ ಮುಖವನ್ನು 300ರಲ್ಲಿ ತುಂಬಿಸಿದರೆ ನೀರೂ ಇಲ್ಲ, ನಿಶಾನೆಯೂ ಇಲ್ಲ. ಎಂತ ಪ್ರಯೋಜನ? ಹಾಗಾಗಿ ಜೂಮನ್ನು 70ರ ಕಡೆಗೆ ತನ್ನಿ, ಕ್ಯಾಮೆರಾ ಲಂಬವಾಗಿ ಹಿಡಿಯಿರಿ, ನಿಶಾನೆಗೆ ಮೊದಲೇ ಫ್ರೇಮ್ ಹೊಂದಿಸಿಟ್ಟು ಕಾಯಿರಿ.

ಕಂಬಳ ರಾತ್ರಿಯೂ ನಡೆಯುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಹಗಲಲ್ಲಿ ಚೆನ್ನಾಗಿ ಕೆಲಸ ಮಾಡಿದ 70-300, ಫ್ಲಡ್‌ಲೈಟ್ ಬಂದ ಮೇಲೆ ಎಫ್ 5.6ರಲ್ಲಿ ಸುಸ್ತಾಗುತ್ತದೆ (ಎಫ್ ಅಂಕೆ ಸಣ್ಣದಾದಷ್ಟು ಲೆನ್ಸ್ ಹೆಚ್ಚು ಬೆಳಕು ಬಿಡುತ್ತದೆ). ಎಫ್ 2.8ರ ಲೆನ್ಸ್ ಅದರ ನಾಲ್ಕು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಎಫ್ 1.8ರದ್ದು ಒಂಬತ್ತು ಪಟ್ಟಿಗೂ ಜಾಸ್ತಿ. ಅಂದರೆ 5.6ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ, ಏರಿಸಿದಷ್ಟು ಫೋಟೊ ಒರಟು) 12800 ಕೇಳುವ ಕಡೆ 1.8ರಲ್ಲಿ 1600ರ ಒಳಗೇ ಕೆಲಸ ಆಗುತ್ತದೆ. ದುಬಾರಿ 2.8 ಟೆಲಿ ಇಲ್ಲದವರು 85 ಎಂಎಂ ಅಥವಾ 50 ಎಂಎಂ ಎಫ್ 1.8 ಒಂದನ್ನು ಜೊತೆಗೆ ಇಟ್ಟುಕೊಳ್ಳಲಿ. ಕ್ರಾಪ್ ಸೆನ್ಸರ್‌ನಲ್ಲಿ 50 ಎಂಬುದು 75-80ರ ಹಾಗೆ ಕಾಣುತ್ತದೆ, ಗದ್ದೆಯ ಬದಿಯಲ್ಲಿ ಹತ್ತಿರ ಜಾಗ ಸಿಕ್ಕಿದರೆ ಸಾಕಾಗುತ್ತದೆ. ಬದಲಾಯಿಸುವುದು ಒಂದೇ ಸಲ, ಸಂಜೆ ಚಹಾ ಕುಡಿಯಲು ಹೋದಾಗ, ಕೆಸರಿನಿಂದ ದೂರ. ಹಾಗಾಗಿ ಕಂಬಳ ಎಂದರೆ ಎರಡು ಲೆನ್ಸ್, ಅದಕ್ಕಿಂತ ಒಂದೂ ಜಾಸ್ತಿ ಬೇಡ.

ಸೈಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಮಲ್ಪೆಯಲ್ಲೇ, ಬೋಟ್ ಹತ್ತುವ ಮೊದಲೇ ಲೆನ್ಸ್ ಯಾವುದೆಂದು ತೀರ್ಮಾನಿಸಿಬಿಡಿ. ಬೋಟಿನಲ್ಲಿ ಬಿಚ್ಚುವ ಮಾತೇ ಇಲ್ಲ. ಅಲ್ಲಿನ ಕಂಬದಂಥ ಬಂಡೆಗಳು, ಲಾವಾ ತಣ್ಣಗಾಗುವಾಗ ಬಿರುಕು ಬಿಟ್ಟು ಆದವು, ಒಂದರ ಪಕ್ಕ ಒಂದು ಬಹುಪಾಲು ಆರು ಮೂಲೆಯ ಕಂಬ. ಇವನ್ನು ದೂರದಿಂದ ತೆಗೆದರೆ ಬರೀ ಕಪ್ಪು ಕಲ್ಲಿನ ರಾಶಿ. ವೈಡ್ ಲೆನ್ಸ್ ಹಿಡಿದು ಒಂದು ಕಂಬದ ತಲೆಯ ಹತ್ತಿರ ಬಗ್ಗಿದರೆ ಮಾತ್ರ ಆ ಆಕಾರ ಗೊತ್ತಾಗುವುದು. ಆದ್ದರಿಂದ ವೈಡ್ ಒಂದೇ, 16ರಿಂದ 24ರ ಒಳಗೆ. ಕಾಪು ದೀಪಸ್ತಂಭಕ್ಕೂ ಅದೇ ನಡೆಯುತ್ತದೆ, ಬಂಡೆಯ ಕೆಳಗೆ ನಿಂತರೆ 1901ರ ಆ ಸ್ತಂಭ ಪೂರ್ತಿ ಬರಲು ಬೇರೆ ದಾರಿ ಇಲ್ಲ. ಆದರೆ ಕಾಪುವಿನಲ್ಲಿ ದೂರ ಸಮುದ್ರದಂಡೆಗುಂಟ ನಡೆದು ಟೆಲಿಯಲ್ಲಿ ನೋಡಿದರೆ ಸ್ತಂಭ, ಮುಳುಗುವ ಸೂರ್ಯ ಎರಡೂ ದೊಡ್ಡದಾಗಿ ಹತ್ತಿರ ಹತ್ತಿರ ಕೂರುತ್ತವೆ. ಒಂದೇ ಸಂಜೆ ಎರಡನ್ನೂ ತೆಗೆಯುತ್ತೇನೆ ಅಂತ ಓಡಾಡಬೇಡಿ. ಸೂರ್ಯ ಕಾಯುವುದಿಲ್ಲ. ಒಂದು ದಿನ ಒಂದು, ಇನ್ನೊಂದು ದಿನ ಇನ್ನೊಂದು, ಕಾಪು ಎಲ್ಲಿಗೂ ಓಡಿಹೋಗುವುದಿಲ್ಲ ಅಲ್ವಾ.

ಉಡುಪಿ ರಥಬೀದಿಯ ರಾತ್ರಿ ಉತ್ಸವ ನಿಜಕ್ಕೂ ಕಷ್ಟದ್ದು. ರಥ ಎತ್ತರ, ನೀವು ಹಿಂದೆ ಸರಿಯೋಣ ಎಂದರೆ ಜನ, ಬೆಳಕು ಮಾತ್ರ ರಥದ ಮೇಲೆ. ವೈಡ್ ಬೇಕು, ಜೊತೆಗೆ ಅದು ಎಫ್ 2.8 ಅಥವಾ ಅದಕ್ಕಿಂತ ಹೆಚ್ಚು ತೆರೆಯುವಂಥದ್ದಾಗಬೇಕು. ಪರ್ಯಾಯ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ಎರಡು ವರ್ಷಕ್ಕೊಮ್ಮೆ ಬರುವುದು, ಜನವರಿ 18ರ ಬೆಳಗಿನ ಜಾವ ಜೋಡುಕಟ್ಟೆಯಿಂದ ಮೆರವಣಿಗೆ ಹೊರಟಾಗ ಇನ್ನೂ ಕತ್ತಲೆ. ಆ ನೂಕುನುಗ್ಗಲಿನಲ್ಲಿ ಲೆನ್ಸ್ ಕ್ಯಾಪ್ ಬಿದ್ದರೂ ಸಿಗುವುದಿಲ್ಲ, ಇನ್ನು ಲೆನ್ಸ್ ಬದಲಾಯಿಸುವುದೆಲ್ಲಿ? ಕೆಲಸಕ್ಕಾಗಿ ತೆಗೆಯುವವರು ಎರಡು ಕ್ಯಾಮೆರಾ ಹಾಕಿಕೊಂಡು ಬರುವುದು ಇದಕ್ಕೇ. ಒಂದರಲ್ಲಿ ವೈಡ್, ಇನ್ನೊಂದರಲ್ಲಿ 70-200. ನಮ್ಮಂಥವರಿಗೆ ಎರಡನೇ ಕ್ಯಾಮೆರಾ ಜೇಬಿನಲ್ಲೇ ಉಂಟು. ಈಗಿನ ಬಹುತೇಕ ಫೋನ್‌ಗಳ ಮುಖ್ಯ ಕ್ಯಾಮೆರಾ 24-26 ಎಂಎಂ ಹತ್ತಿರದ ನೋಟ ಕೊಡುತ್ತದೆ. ವೈಡ್ ಕೆಲಸ ಫೋನಿಗೆ ಬಿಟ್ಟು ದೊಡ್ಡ ಕ್ಯಾಮೆರಾಕ್ಕೆ ಉದ್ದದ ಲೆನ್ಸ್ ಒಂದನ್ನೇ ಹಾಕಿ ಹೋದರೆ ಏನೂ ಮರ್ಯಾದೆ ಹೋಗುವುದಿಲ್ಲ.

ಯಕ್ಷಗಾನ, ಭೂತಕೋಲಕ್ಕೆ ಹೋಗುವಾಗ 50 ಅಥವಾ 85, ಎಫ್ 1.8. ಕೋಲದಲ್ಲಿ ಮನೆಯವರನ್ನು ಮೊದಲು ಕೇಳಿ, ಫ್ಲ್ಯಾಶ್ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದರೂ ನಿಮ್ಮ ಕೈಗೆ ಯಾವ ಲೆನ್ಸ್ ಒಗ್ಗಿದೆ ಎಂಬುದನ್ನು ನಿಮ್ಮ ಹಳೆ ಫೋಟೊಗಳೇ ಹೇಳುತ್ತವೆ. ಪ್ರತಿ ಫೋಟೊದ ಫೈಲಿನೊಳಗೆ ಯಾವ ಲೆನ್ಸ್, ಎಷ್ಟು ಎಂಎಂ, ಎಷ್ಟು ಎಫ್ ಎಂದೆಲ್ಲ ಬರೆದಿರುತ್ತದೆ. ಫೋಟೊ ಸಾಫ್ಟ್‌ವೇರ್ ಲೈಟ್‌ರೂಮ್ ಕ್ಲಾಸಿಕ್ ಇದ್ದವರು ಲೈಬ್ರರಿಯಲ್ಲಿ ಮೆಟಾಡೇಟಾ ಫಿಲ್ಟರ್ ತೆರೆದು ಲೆನ್ಸ್ ಪ್ರಕಾರ, ಆಮೇಲೆ ಫೋಕಲ್ ಲೆಂತ್ ಪ್ರಕಾರ ನೋಡಿ. ದುಡ್ಡು ಕೊಡದೆ ಆಗಬೇಕಾದರೆ ಡಿಜಿಕಾಮ್ ಎಂಬ ಸಾಫ್ಟ್‌ವೇರ್ ಉಂಟು. ತೆಗೆದ ಎಲ್ಲವನ್ನೂ ಅಲ್ಲ, ನೀವೇ ಇಷ್ಟಪಟ್ಟು ಉಳಿಸಿಕೊಂಡವನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಿ. ಉಳಿಸಿಕೊಂಡದ್ದರಲ್ಲಿ ಹೆಚ್ಚಿನವು 35ರ ಆಸುಪಾಸಿನಲ್ಲಿದ್ದರೆ, ನೀವು ದೂರದ 300 ಎಂಎಂ ಕನಸಿಗೆ ದುಡ್ಡು ಹಾಕುತ್ತಿದ್ದೀರಿ ಅಂತ ಅರ್ಥ. ಜೂಮ್‌ನ ಕೊನೆಯಲ್ಲೇ, ಅಂದರೆ 55ರಲ್ಲೇ ಅಥವಾ 18ರಲ್ಲೇ ರಾಶಿ ಬಿದ್ದಿದ್ದರೆ ಮಾತ್ರ ಆ ಕಡೆಗೆ ಇನ್ನೊಂದು ಲೆನ್ಸ್ ನಿಜವಾಗಿ ಬೇಕು.

ಎರಡು ಲೆನ್ಸ್ ಆರಿಸುವಾಗ ಒಂದರ ಕೆಲಸ ಇನ್ನೊಂದು ಮಾಡುವಂತಿರಬಾರದು. 24-70ರ ಜೊತೆ 50 ಎಫ್ 2.8 ಮ್ಯಾಕ್ರೋ ಇಟ್ಟುಕೊಂಡರೆ ಹೂವು ಹುಳ ತೆಗೆಯದ ದಿನ ಅದು ಸುಮ್ನೆ ಭಾರ. ಹಗಲಿಗೊಂದು ಜೂಮ್, ಕತ್ತಲಿಗೊಂದು ಪ್ರೈಮ್, ಇದು ಎಲ್ಲ ಕಡೆ ನಡೆಯುವ ಜೋಡಿ. ಎರಡು ಲೆನ್ಸುಗಳ ನಡುವೆ ಬಿಟ್ಟುಹೋದ ಅಂತರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎರಡು ಹೆಜ್ಜೆ ಮುಂದೆ ಹೋದರೆ ಆಯಿತು.

ಭಾರವೂ ಸಣ್ಣ ಮಾತಲ್ಲ. ಕ್ಯಾನನ್‌ನ 50 ಎಂಎಂ ಎಫ್ 1.8 ಎಸ್‌ಟಿಎಂ 160 ಗ್ರಾಂ. ನಿಕಾನ್ ಡಿಎಸ್‌ಎಲ್‌ಆರ್‌ನ 70-200 ಎಫ್ 2.8 ಇ 1430 ಗ್ರಾಂ. ಏಪ್ರಿಲ್ ತಿಂಗಳ ಸೆಕೆಯಲ್ಲಿ, ಮಂಗಳೂರಿನ ಕಾರ್‌ಸ್ಟ್ರೀಟಿನಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ಈ ವ್ಯತ್ಯಾಸ ಹೆಗಲಿಗೆ ಚೆನ್ನಾಗಿ ಗೊತ್ತಾಗುತ್ತದೆ. ಭಾರ ಜಾಸ್ತಿಯಾದರೆ ಮೊದಲು ನಿಲ್ಲುವುದು ಕಾಲು, ಆಮೇಲೆ ಫೋಟೊ.

ಬದಲಾಯಿಸಲೇಬೇಕು ಎಂದಾದರೆ ಹೀಗೆ ಮಾಡಿ. ಗಾಳಿಗೆ ಬೆನ್ನು ಹಾಕಿ ನಿಲ್ಲಿ, ಸಾಧ್ಯವಾದರೆ ಅಂಗಡಿಯ ಒಳಗೆ ಅಥವಾ ಕಾರಿನೊಳಗೆ ಹೋಗಿ, ಫ್ಯಾನ್ ಇದ್ದರೆ ಅದರ ಕೆಳಗೆ ಬೇಡ. ಕೈ ಒರೆಸಿಕೊಳ್ಳಿ. ಕ್ಯಾಮೆರಾ ಆಫ್ ಮಾಡಿ. ಹಾಕಬೇಕಾದ ಲೆನ್ಸಿನ ಹಿಂದಿನ ಕ್ಯಾಪ್ ಮೊದಲೇ ಸಡಿಲ ಮಾಡಿ ಇಟ್ಟುಕೊಂಡು, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಹಳೆಯದನ್ನು ಬಿಚ್ಚಿ ಹೊಸದನ್ನು ಹಾಕಿ. ಎಸಿ ಕಾರಿನಿಂದ ಇಳಿದ ಕೂಡಲೇ ಮಾತ್ರ ಬಿಚ್ಚಲೇಬಾರದು. ತಣ್ಣಗಿನ ಗಾಜಿನ ಮೇಲೆ ನಮ್ಮ ಒದ್ದೆ ಗಾಳಿ ತಾಗಿದರೆ ಮಂಜು ಹಿಡಿಯುತ್ತದೆ, ಬಿಚ್ಚಿದರೆ ಅದೇ ತೇವ ಸೆನ್ಸರಿಗೂ ಬರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ, ಬೊಂಡ (ಎಳನೀರು) ಕುಡಿದು ಬನ್ನಿ.

ಕಡಲಿನಿಂದ ಬಂದ ಮೇಲೆ ಲೆನ್ಸಿನ ಹೊರಮೈಯನ್ನು ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆ. ಮುಂದಿನ ಗಾಜಿಗೆ ಯುವಿ ಫಿಲ್ಟರ್ ಹಾಕಿದ್ದರೆ ಆ ಕೆಲಸ ಇನ್ನೂ ಸುಲಭ.

ಮನೆಯಲ್ಲಿ ಬಿಟ್ಟುಹೋದ ಲೆನ್ಸುಗಳ ಗತಿ ಏನು? ಕರಾವಳಿಯಲ್ಲಿ ಅವಕ್ಕೇ ಅಪಾಯ ಜಾಸ್ತಿ. ಕಪಾಟಿನ ಕತ್ತಲಲ್ಲಿ, ಮಳೆಗಾಲದ ತೇವದಲ್ಲಿ, ಬಳಸದೆ ಇಟ್ಟ ಲೆನ್ಸಿನ ಒಳಗೆ ಜೇಡರ ಬಲೆಯಂಥ ಫಂಗಸ್ ಹಬ್ಬುತ್ತದೆ. ಬಟ್ಟೆಯ ಬ್ಯಾಗಿನಲ್ಲಿ, ಚರ್ಮದ ಕೇಸಿನಲ್ಲಿ ಇಡಬೇಡಿ. ಡ್ರೈ ಕ್ಯಾಬಿನೆಟ್‌ಗೆ ದುಡ್ಡಿಲ್ಲದಿದ್ದರೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಸಿಲಿಕಾ ಜೆಲ್, ಒಳಗೆ ತೇವ ತೋರಿಸುವ ಸಣ್ಣ ಮೀಟರ್. ಮುಳ್ಳು 40ರಿಂದ 50 ಶೇಕಡಾ ಒಳಗೆ ಇದ್ದರೆ ಸರಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಒಂದು ವರ್ಷದಿಂದ ಡಬ್ಬದಿಂದ ಹೊರಗೇ ಬರದ ಲೆನ್ಸ್ ಇದ್ದರೆ, ಫಂಗಸ್ ಬರುವ ಮೊದಲೇ ಮಾರಿ, ಬಂದ ಮೇಲೆ ಯಾರೂ ತಗೊಳ್ಳುವುದಿಲ್ಲ.

ಇಬ್ಬರು ಒಟ್ಟಿಗೆ ಹೋಗುತ್ತೀರಾದರೆ ಲೆನ್ಸ್ ಹಂಚಿಕೊಳ್ಳಿ. ಒಬ್ಬರು ವೈಡ್ ತರಲಿ, ಇನ್ನೊಬ್ಬರು ಟೆಲಿ, ಊಟಕ್ಕೆ ಕುಳಿತಾಗ ಬದಲಾಯಿಸಿಕೊಳ್ಳಿ. ಹಿಂದಿನ ರಾತ್ರಿ ಫೋನ್ ಮಾಡಿ ಯಾರದ್ದು ಯಾವ ಮೌಂಟ್ (ಕ್ಯಾಮೆರಾಕ್ಕೆ ಲೆನ್ಸ್ ಕೂರುವ ಜೋಡಣೆ) ಅಂತ ಕೇಳಿಕೊಳ್ಳಿ, ಯಾಕೆಂದರೆ ಒಬ್ಬರದ್ದು ಸೋನಿ, ಇನ್ನೊಬ್ಬರದ್ದು ನಿಕಾನ್ ಆದರೆ ಕ್ಯಾಮೆರಾ ಸಮೇತ ಬದಲಾಯಿಸಿಕೊಳ್ಳಬೇಕಾಗುತ್ತದೆ, ಅದಕ್ಕೆ ಎಷ್ಟು ಜನ ಒಪ್ಪುತ್ತಾರೋ ನೋಡಿ.