ನುಡಿಯಲ್ಲಿ ಬೆರಳಚ್ಚಾದ ಹಳೆಯ ಸುತ್ತೋಲೆಗಳನ್ನು ಸ್ಕ್ರೀನ್ ರೀಡರ್ ಓದುವಂತೆ ಮಾಡಿದ ಬಗೆ: ನನ್ನ ಅನುಭವ

ಇಲಾಖೆಯೊಂದರ ಜಾಲತಾಣದಲ್ಲಿದ್ದ ಸುಮಾರು ಎರಡು ಸಾವಿರ ಆದೇಶ, ಸುತ್ತೋಲೆಗಳನ್ನು ಅಂಧ ಓದುಗರು ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ (ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶ) ಮೂಲಕ ಕೇಳುವಂತೆ ಮಾಡುವ ಕೆಲಸ ಈಗ ಬಹುಪಾಲು ಮುಗಿದಿದೆ. ನುಡಿ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ ಕಡತಗಳನ್ನು ಕೈಬಿಟ್ಟು ಮುಂದಿನವನ್ನಷ್ಟೇ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್‌ನಲ್ಲಿ ಮಾಡಿ ಎಂದವರೇ ಹೆಚ್ಚಾಗಿದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ತೊಡಕು ಇದು. ಆ ಹಳೆಯ ಕಡತಗಳಲ್ಲಿ, ಪರದೆಯ ಮೇಲೆ ‘ಕನ್ನಡ’ ಎಂದು ಕಾಣುವ ಪದದೊಳಗೆ ನಿಜವಾಗಿ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ. ಸ್ಕ್ರೀನ್ ರೀಡರ್ ಪಾಪ ಅದನ್ನೇ ಓದಲು ಹೆಣಗುತ್ತದೆ.

ಮೊದಲು ಹಣ ಹೋದದ್ದು ಜಾಲಪುಟದ ಮೂಲೆಯಲ್ಲಿ ಕೂರುವ ವಿಜೆಟ್ ಎಂಬ ನೆರವಿನ ಸಲಕರಣೆಗೆ. ವರ್ಷಕ್ಕೆ ಒಂದೂವರೆ ಲಕ್ಷದ ಆಸುಪಾಸು ಕೊಟ್ಟು ತಂದ ಅದು ಅಕ್ಷರ ಹಿಗ್ಗಿಸುತ್ತಿತ್ತು, ಬಣ್ಣ ಬದಲಿಸುತ್ತಿತ್ತು, ಸುತ್ತೋಲೆಗಳಿದ್ದ ಪಿಡಿಎಫ್‌ನ ಒಳಗೆ ಮಾತ್ರ ಕೈಹಾಕುತ್ತಿರಲಿಲ್ಲ. ಆಮೇಲೆ ಟೆಸೆರಾಕ್ಟ್ ಎಂಬ ತಂತ್ರಾಂಶದಿಂದ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವುದು) ಮಾಡಿಸಿದೆವು. ಗದ್ಯ ತಕ್ಕಮಟ್ಟಿಗೆ ಬಂತು, ಆದರೆ ಒತ್ತಕ್ಷರಗಳು ಕಳಚಿಕೊಂಡವು, ಫಲಾನುಭವಿಗಳ ಪಟ್ಟಿಯಲ್ಲಿ ಮೊತ್ತಗಳು ಅದಲುಬದಲಾದವು. ಪುಟಕ್ಕೆ ಹನ್ನೆರಡೋ ಹದಿನೈದೋ ರೂಪಾಯಿಯಂತೆ ಕರಡು ತಿದ್ದಿಸಿದರೂ ನಂಬುವಂತಿರಲಿಲ್ಲ. ತಪ್ಪು ಮೊತ್ತ ಓದಿ ಹೇಳುವ ಪಟ್ಟಿಗಿಂತ ಪಟ್ಟಿ ಇಲ್ಲದಿರುವುದೇ ಮೇಲು.

ಕೊನೆಗೆ ಪಿಡಿಎಫ್‌ಗಳ ಗೊಡವೆ ಬಿಟ್ಟು, ಶಾಖೆಗಳ ಹಳೆಯ ಕಂಪ್ಯೂಟರುಗಳಲ್ಲಿದ್ದ ಮೂಲ ವರ್ಡ್ ಕಡತಗಳನ್ನೇ ಕೇಳಿ ಪಡೆದೆ. ಅರ್ಧಕ್ಕಿಂತ ಹೆಚ್ಚು ಸಿಕ್ಕವು. ಇಡೀ ಕಡತವನ್ನು, ನುಡಿಯ ಬರಹವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಸುರಿದರೆ ನಡುವಿನ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆದ್ದರಿಂದ ತುಣುಕು ತುಣುಕಾಗಿ ಫಾಂಟ್‌ನ ಹೆಸರು ನೋಡಿ, ನುಡಿಯಲ್ಲಿದ್ದುದನ್ನು ಮಾತ್ರ ಬದಲಿಸುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆದೆ. ‘ಕರ್ನಾಟಕ’ದ ಅರ್ಕಾವೊತ್ತು ನುಡಿಯ ಹಳೆಯ ಆಸ್ಕಿ ಸಂಕೇತದಲ್ಲಿ ‘ನಾ’ ಆದಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ‘ರ್’ ಆಗಿ ಅದಕ್ಕೂ ಮೊದಲೇ ಕೂರಬೇಕು. ಒತ್ತು, ದೀರ್ಘ, ಅರ್ಕಾವೊತ್ತು ಮೂರೂ ಒಂದೆಡೆ ಸೇರಿದಾಗ ಯಾವುದನ್ನು ಮೊದಲು ಬದಲಿಸಬೇಕೆಂಬ ಕ್ರಮವನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಇನ್ನೊಂದು ಕಾಟ ಯೂನಿಕೋಡ್ ಕಡತಗಳಲ್ಲೂ ಇತ್ತು: ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನು ಒತ್ತಿದ ಪದಗಳು. ಕಣ್ಣಿಗೆ ಎರಡೂ ಒಂದೇ, ಕಿವಿಗೆ ಪದದ ನಡುವೆ ‘ಸೊನ್ನೆ’ ಬಂದು ಬೀಳುತ್ತದೆ.

ಫಲಿತವನ್ನು ಎಚ್‌ಟಿಎಂಎಲ್ ಪುಟಗಳಾಗಿಯೇ (ಸಾಮಾನ್ಯ ಜಾಲಪುಟಗಳಾಗಿ) ಪ್ರಕಟಿಸಿ, ಸಹಿ ಇರುವ ಸ್ಕ್ಯಾನ್ ಪ್ರತಿಗೆ ಕೊಂಡಿ ಕೊಟ್ಟೆ. ಪುಟದ ಭಾಷೆ ಕನ್ನಡವೆಂದು ನಮೂದಿಸಿ, ಕೋಷ್ಟಕಗಳ ಕೂಡಿಸಿದ ಕೋಶಗಳನ್ನು ಒಡೆದು, ಅಂಕಣಗಳಿಗೆ ತಲೆಬರಹದ ಗುರುತು ಹಾಕಿದ ಮೇಲೆಯೇ ಪಟ್ಟಿಗಳು ಕೇಳಿ ಅರ್ಥವಾಗುವಂತಾದವು. ನಡುವೆ ಸುತ್ತೋಲೆಗಳನ್ನು ಧ್ವನಿಕಡತಗಳಾಗಿ ಕೊಡುವ ಪ್ರಯೋಗವನ್ನೂ ಮಾಡಿದೆ. ಬೇಕಾದ ಸಾಲಿಗೆ ನೇರವಾಗಿ ಹೋಗಲು ಬಾರದ್ದರಿಂದ ಯಾರೂ ಬಳಸಲಿಲ್ಲ. ಬ್ರೈಲ್ ಡಿಸ್‌ಪ್ಲೇ (ಪಠ್ಯವನ್ನು ಉಬ್ಬು ಚುಕ್ಕಿಗಳಾಗಿ ತೋರಿಸುವ ಸಾಧನ) ಇದ್ದ ಒಬ್ಬರಿಗೆ ಮಾತ್ರ ಅದೇ ಯೂನಿಕೋಡ್ ಪುಟಗಳು ಬೇರೆ ಯಾವ ಖರ್ಚೂ ಇಲ್ಲದೆ ಬೆರಳಿಗೆ ದಕ್ಕಿದವು.

ಎರಡನೆಯ ಕಂತಿನ ಹಣಕ್ಕೆ ಲೆಕ್ಕಶಾಖೆ ತಕರಾರು ತೆಗೆದಾಗ, ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016ರಲ್ಲಿ ಮಾಹಿತಿ ಅಂಗವಿಕಲರಿಗೂ ಎಟುಕುವಂತಿರಬೇಕೆನ್ನುವ 42ನೆಯ ಕಲಮನ್ನೂ, ಆ ಕಾಯ್ದೆಯಡಿ ಮಾಡಿದ ನಿಯಮಗಳಲ್ಲಿನ ನಿಯಮ 15 ಬರೀ ಸಲಹೆಯ ರೂಪದಲ್ಲಿರುವುದು ಆ ಕಾಯ್ದೆಗೆ ವಿರುದ್ಧವೆಂದು 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಟಿಪ್ಪಣಿಯಲ್ಲಿ ಕಾಣಿಸಿದ ಮೇಲೆ ಕಡತ ಮುಂದೆ ಸರಿಯಿತು. ಒಟ್ಟು ಖರ್ಚು, ಕರಡು ತಿದ್ದಿದವರ ಕೂಲಿಯೂ ಸೇರಿ, ಆ ವಿಜೆಟ್‌ನ ಒಂದು ವರ್ಷದ ಬಾಡಿಗೆಗಿಂತ ಕಡಿಮೆಯೇ.

ಮೂಲ ಸಿಗದೆ ಸ್ಕ್ಯಾನ್ ಮಾತ್ರ ಇರುವ ಕಡತಗಳು ಉಳಿದಿವೆ. ಅವುಗಳಿಗೆ ಓಸಿಆರ್ ಮಾಡಿ, ಅಂಕಿಗಳನ್ನಷ್ಟೇ ಇಬ್ಬರು ಬೇರೆಬೇರೆಯಾಗಿ ತಾಳೆ ನೋಡುತ್ತಾರೆ. ಯಾರಾದರೂ ಕೇಳಿದ ಕಡತಕ್ಕೆ ಮೊದಲ ಸರದಿ.