ಹಿರಿಯರ ಮರೆವಿನ ಪರೀಕ್ಷೆ: ಹಾಸನದ ಹಳ್ಳಿಗಳಿಗೆ ಒಗ್ಗಿಸಿಕೊಂಡ ಬಗೆ

1975ರಲ್ಲಿ ಫೋಲ್‌ಸ್ಟೀನ್ ಮತ್ತು ಸಂಗಡಿಗರು ಪ್ರಕಟಿಸಿದ, ನೆನಪು, ಗಮನ ಮುಂತಾದ ಮನಸ್ಸಿನ ಶಕ್ತಿಗಳನ್ನು ಅಳೆಯುವ 30 ಅಂಕಗಳ ಎಂಎಂಎಸ್‌ಇ ಪರೀಕ್ಷೆಯು ಓದು ಬರಹ ಬಲ್ಲವರಿಗೆ ಹೊಂದುವಂಥದ್ದು. ಇಂದಿನ ತಾರೀಖೇನು, ನಾವಿರುವುದು ಎಷ್ಟನೇ ಮಹಡಿ, ನೂರರಿಂದ ಏಳೇಳು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ ಎಂದು ಅರಸೀಕೆರೆ ಕಡೆಯ ಹೆಂಚಿನ ಮನೆಯ ಜಗುಲಿಯಲ್ಲಿ ಕುಳಿತ, ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯನ್ನು ಕೇಳಿದರೆ, ಅವರಿಗೆ ಯಾವ ಕಾಯಿಲೆ ಇಲ್ಲದಿದ್ದರೂ ಅಂಕಗಳು ಕುಸಿಯುತ್ತವೆ. ಹಾಸನ ಜಿಲ್ಲೆಯಲ್ಲಿ ಮನೋವಿಜ್ಞಾನಿಯಾಗಿ ಹಿರಿಯರನ್ನು ಪರೀಕ್ಷಿಸುವ ನನಗೆ ಪ್ರಶ್ನೆಗಳನ್ನು ಕನ್ನಡಕ್ಕೆ ತಂದುಕೊಂಡ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ.

ನನಗೆ ದಾರಿ ತೋರಿದ್ದು ಹರಿಯಾಣದ ಬಲ್ಲಭಗಢದ ಗ್ರಾಮೀಣ ಹಿರಿಯರಿಗಾಗಿ ಗಂಗೂಲಿ ಮತ್ತು ಸಂಗಡಿಗರು ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಆವೃತ್ತಿ. ಅದರಲ್ಲಿ ಮೂಲ ಪರೀಕ್ಷೆಯಂತೆ ‘ಕಣ್ಣು ಮುಚ್ಚಿ’ ಎಂಬ ಬರಹವನ್ನು ಓದಿಸುವುದಿಲ್ಲ. ಪರೀಕ್ಷಕರು ಮಾಡಿದ್ದನ್ನು ನೋಡಿ ಹಾಗೆಯೇ ಮಾಡಿಸುತ್ತಾರೆ. ಕಳೆಯುವ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ನಾನೂ ಇದೇ ಜಾಡು ಹಿಡಿದು, ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅದು ಮನಸ್ಸಿನ ಯಾವ ಶಕ್ತಿಯನ್ನು ಅಳೆಯಲು ಇದೆ ಎಂದು ಬರೆದುಕೊಂಡೆ. ಅದೇ ಶಕ್ತಿಯನ್ನು, ಅಷ್ಟೇ ಕಷ್ಟದಲ್ಲಿ ಅಳೆಯುವ ಸಂಗತಿ ಇಲ್ಲಿನ ಬದುಕಿನಲ್ಲಿ ಯಾವುದಿದೆ ಎಂದು ಹುಡುಕಿದೆ.

ಕಾಲದ ಅರಿವಿನ ಪ್ರಶ್ನೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿತು. ಜುಲೈ ಎರಡನೆಯ ವಾರದಲ್ಲಿ ಒಬ್ಬ ಅಜ್ಜಿಗೆ ತಾರೀಖಾಗಲಿ ತಿಂಗಳಾಗಲಿ ಗೊತ್ತಿರಲಿಲ್ಲ. ‘ಈಗ ಯಾವ ಮಳೆ ನಡೀತಾ ಐತೆ ಅಜ್ಜಿ?’ ಎಂದು ಕೇಳಿದೆ. ‘ಆರಿದ್ರೆ ಮುಗೀತು ಕಣವ್ವ, ಪುನರ್ವಸು ಹುಟ್ಟಿ ಮೂರು ದಿನ ಆಯ್ತು’ ಎಂದರು. ಒಂದು ಮಳೆ ನಕ್ಷತ್ರದ ಅವಧಿ ಸುಮಾರು 14 ದಿನವಾದ್ದರಿಂದ ಈ ಉತ್ತರವು ತಿಂಗಳ ಹೆಸರಿಗಿಂತಲೂ ಸೂಕ್ಷ್ಮವಾದದ್ದು. ಆದರೆ ಮಳೆ ನಕ್ಷತ್ರವನ್ನೇ ಎಲ್ಲರಿಗೂ ಕಡ್ಡಾಯ ಮಾಡಿದರೆ ಹಾಸನ ಪೇಟೆಯ ನಿವೃತ್ತ ಗುಮಾಸ್ತರಿಗೋ ಸಕಲೇಶಪುರದ ತೋಟದ ಲೈನಿನಲ್ಲಿರುವ ತಮಿಳು ಕೂಲಿಯವರಿಗೋ ಅನ್ಯಾಯವಾಗುತ್ತದೆ. ಆದ್ದರಿಂದ ತಾರೀಖು, ತಿಥಿ, ಮಳೆ ಇವುಗಳಲ್ಲಿ ಯಾವುದು ಸರಿಯಿದ್ದರೂ ಸಮಾನ ಅಂಕ ಎಂದು ಕೈಪಿಡಿಯಲ್ಲಿ ಮೊದಲೇ ಬರೆದಿಟ್ಟೆ. ಎದುರಿಗೆ ಕುಳಿತವರ ಮುಖ ನೋಡಿ ಆಮೇಲೆ ತೀರ್ಮಾನಿಸುವಂತಿಲ್ಲ. ಕಾಲದ ಅರಿವಿಗಾಗಿ ಸಂತೆಯ ಬಗ್ಗೆ ಕೇಳುವಾಗಲೂ ಒಂದು ಸೂಕ್ಷ್ಮವಿದೆ. ‘ನಿಮ್ಮೂರ ಸಂತೆ ಯಾವ ದಿನ’ ಎಂಬುದು ಹಳೆಯ ತಿಳಿವಳಿಕೆ, ರೋಗ ಬಲಿತ ಮೇಲೂ ಉಳಿದಿರಬಹುದು. ‘ಸಂತೆಗೆ ಇನ್ನೆಷ್ಟು ದಿನ ಇದೆ’ ಎಂದಾಗಲೇ ಇಂದಿನ ಅರಿವು ಹೊರಬೀಳುತ್ತದೆ.

ಒಂದರೊಳಗೊಂದು ಹೆಣೆದ ಐದು ಮೂಲೆಯ ಚಿತ್ರಗಳನ್ನು ನಕಲು ಮಾಡಿಸುವ ಭಾಗದಲ್ಲಿ, ಪೆನ್ಸಿಲ್ಲನ್ನೇ ಹಿಡಿಯದ ಕೈ ನಡುಗುತ್ತದೆ. ನಾವು ಅದನ್ನು ಮಿದುಳಿನ ದೋಷವೆಂದು ಬರೆದುಬಿಡುತ್ತೇವೆ. ರಂಗೋಲಿ ಹಾಕಿಸಬಹುದಲ್ಲ ಎಂದು ಹಲವರು ಸೂಚಿಸಿದರು. ನಾನು ಒಪ್ಪಲಿಲ್ಲ, ಏಕೆಂದರೆ ಐವತ್ತು ವರ್ಷ ಪ್ರತಿದಿನ ಇಟ್ಟ ಚುಕ್ಕಿಗಳನ್ನು ಬೆರಳೇ ನೆನಪಿಟ್ಟುಕೊಂಡಿರುತ್ತದೆ, ಗಂಡಸರಿಗಂತೂ ಅದು ಬಾರದು. ತೀರ ಅಪರಿಚಿತವಾದದ್ದು ಆರೋಗ್ಯವಂತರನ್ನು ರೋಗಿಗಳನ್ನಾಗಿ ತೋರಿಸಿದರೆ, ತೀರ ಪರಿಚಿತವಾದದ್ದು ರೋಗವನ್ನೇ ಮುಚ್ಚಿಹಾಕುತ್ತದೆ. ಎರಡನೆಯದನ್ನು ನಮ್ಮವರು ಅಷ್ಟಾಗಿ ಗಮನಿಸುವುದಿಲ್ಲ. ನೈಜೀರಿಯಾದ ಹಿರಿಯರಿಗಾಗಿ ಬೆಂಕಿಕಡ್ಡಿಗಳನ್ನು ಜೋಡಿಸಿ ಆಕೃತಿ ಮಾಡಿಸುವ ಪರೀಕ್ಷೆಯೊಂದನ್ನು ರೂಪಿಸಲಾಗಿದೆ. ಅದರ ಕ್ರಮವನ್ನೇ ನಾನೂ ಅನುಸರಿಸಿದೆ. ಕಡ್ಡಿಯ ಮದ್ದಿನ ತುದಿ ಯಾವ ಕಡೆಗಿದೆ ಎಂಬುದನ್ನೂ ನೋಡಿ ಜೋಡಿಸಬೇಕಾದ್ದರಿಂದ ಅದು ಸುಲಭವೇನಲ್ಲ, ಆದರೆ ಯಾರೂ ಹೆದರಿ ಕೈ ಹಿಂದೆಗೆಯಲಿಲ್ಲ.

ವಸ್ತುಗಳನ್ನು ಹೆಸರಿಸುವ ಭಾಗದಲ್ಲಿ, ಇಂಥದೇ ಇನ್ನೊಂದು ಪರೀಕ್ಷೆಯಾದ ಮೋಕಾದ ಘೇಂಡಾಮೃಗದ ರೇಖಾಚಿತ್ರವನ್ನು ಬಿಟ್ಟು ಅಡಕತ್ತರಿ, ಬೀಗದಂತಹ ನಿಜವಾದ ವಸ್ತುಗಳನ್ನೇ ಕೈಗೆ ಕೊಟ್ಟೆ. ಸಕಲೇಶಪುರದಲ್ಲಿ ಆನೆಯ ಚಿತ್ರ ತೋರಿಸಿದರೆ ಹೆಸರಿನ ಜೊತೆಗೆ ಬೆಳೆಹಾನಿಯ ಕಥೆಯೂ ಬಂದು ಸಮಯ ಮೀರುತ್ತದೆ.

ಮನೆಯವರನ್ನು ಕೇಳುವ ಪ್ರಶ್ನೆಗಳನ್ನೂ ಬದಲಿಸಬೇಕಾಯಿತು. ಅಡುಗೆ, ಬ್ಯಾಂಕು, ಔಷಧಿ ಎಲ್ಲವನ್ನೂ ಸೊಸೆಯೇ ನೋಡಿಕೊಳ್ಳುವ ಮನೆಯಲ್ಲಿ ‘ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆಯೇ’ ಎಂದರೆ ‘ನಾವೇ ಮಾಡಗೊಡಲ್ಲ’ ಎಂಬ ಉತ್ತರ ಬರುತ್ತದೆ. ಹಾಗಾಗಿ ಹೇಳಿ ಕಳಿಸಿದ ಮಾತನ್ನು ಮುಟ್ಟಿಸುತ್ತಾರೆಯೇ, ಊರ ಹಬ್ಬದ ಸುದ್ದಿ ನೆನಪಿದೆಯೇ, ನೆಂಟರ ಮನೆಯಿಂದ ದಾರಿ ತಪ್ಪದೆ ಬರುತ್ತಾರೆಯೇ ಎಂದು ಕೇಳುತ್ತೇನೆ.

ಹೀಗೆ ಬದಲಿಸಿದ ಮೇಲೆ ಮೂಲ ಪರೀಕ್ಷೆಯ 24ರ ಗಡಿ, ಅಂದರೆ ಅದಕ್ಕಿಂತ ಕಡಿಮೆ ಅಂಕ ಬಂದರೆ ಕಾಯಿಲೆಯ ಶಂಕೆ ಎಂಬುದು, ಇಲ್ಲಿಗೆ ಸಲ್ಲದು. ಹತ್ತಿರದ ಊರುಗಳ ಆರೋಗ್ಯವಂತ ಹಿರಿಯರಿಗೆ ಮೊದಲು ಇದನ್ನು ಕೊಟ್ಟು, ಓದಿದವರ ಮತ್ತು ಓದದವರ ಅಂಕಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡಿದ್ದೇನೆ. ಕಿವಿ ಕೇಳಿಸದವರನ್ನೂ ಕಣ್ಣಿನ ಪೊರೆ ಬಂದವರನ್ನೂ ಅದಕ್ಕೆ ಚಿಕಿತ್ಸೆಯಾದ ಬಳಿಕವೇ ಪರೀಕ್ಷಿಸುತ್ತೇನೆ. ಶಾಲೆಗೆ ಹೋಗದವರ ವರದಿಯಲ್ಲಿ ಒಂದೇ ಭೇಟಿಯ ಅಂಕದಿಂದ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಎಂದು ಬರೆಯುವುದಿಲ್ಲ. ಆರು ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ಅವರ ಅಂಕವನ್ನು ಅವರದೇ ಹಿಂದಿನ ಅಂಕದೊಂದಿಗೆ ಹೋಲಿಸುತ್ತೇನೆ.